ರಾಡಿ ನೀರಿನ ಮಡುವಿನಲ್ಲಿ ಒಂದು ಸಂಜೆ

ಮೇ ತಿಂಗಳ ಮಧ್ಯಾಹ್ನ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಹೊಳೆ ನೆನಪಾದರೆ ಆಶ್ಚರ್ಯವಿಲ್ಲ. ಉಷ್ಣಮಾಪಕ 40 ಡಿಗ್ರಿ ದಾಟಿರುತ್ತದೆ. ಡಾಂಬರು ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿರುತ್ತದೆ. ಮುಕ್ಕುಂದದ ಕಡೆಗೆ ಹೊರಟರೆ ದಾರಿಯ ಎರಡೂ ಬದಿಗೆ ಕೊಯ್ಲು ಮುಗಿದ ಭತ್ತದ ಗದ್ದೆಗಳು, ಒಣಗಿದ ಕೂಳೆ, ಬಿರುಕು ಬಿಟ್ಟ ಎರೆ ಭೂಮಿ, ನೀರು ನಿಂತ ಕಾಲುವೆ. ಕರ್ನಾಟಕದ ಅನ್ನದ ಬಟ್ಟಲು ಎನಿಸಿಕೊಂಡ ನಾಡು ಇದೇನೇ ಎಂಬ ಅನುಮಾನ ಬರುವಷ್ಟು ಬರಡು ನೋಟ. ಆದರೆ ಊರು ದಾಟಿ ದಂಡೆಗೆ ಬಂದು ನಿಂತರೆ ಕೆಳಗೆ ತುಂಗಭದ್ರೆ ಇದ್ದಾಳೆ.

ಇದ್ದಾಳೆ, ಆದರೆ ಹರಿಯುತ್ತಿಲ್ಲ. ಬಂಡೆಗಳ ನಡುವೆ, ಮರಳಿನ ದಿಬ್ಬಗಳ ನಡುವೆ ಅಲ್ಲಲ್ಲಿ ಮಡುಗಳಾಗಿ ನಿಂತಿದ್ದಾಳೆ. ಒಂದು ಮಡುವಿನಿಂದ ಇನ್ನೊಂದಕ್ಕೆ ಬೆರಳು ಗಾತ್ರದ ನೀರು ಜಿನುಗಿದರೆ ಹೆಚ್ಚು. ನೀರಿನ ಬಣ್ಣ ಹಾಲು ಜಾಸ್ತಿಯಾದ ಚಹಾದಂತೆ. ಅಂಚಿನಲ್ಲಿ ಮೊಣಕಾಲುದ್ದ ಕೆಸರು. ಎಮ್ಮೆಗಳು ಮೂಗಿನ ತನಕ ಮುಳುಗಿ ಕಣ್ಣು ಮುಚ್ಚಿವೆ. ಇಂಥ ನೀರಿನ ದಂಡೆಯಲ್ಲಿ, ಬೇವಿನ ಮರದ ನೆರಳು ನೋಡಿಕೊಂಡು, ಒಬ್ಬ ತಾತ ಮತ್ತು ಏಳನೆಯ ತರಗತಿ ಮುಗಿಸಿ ರಜೆಗೆಂದು ಬಂದ ಮಗಳ ಮಗ ಗಾಳ ಹಾಕಿ ಕುಳಿತಿದ್ದಾರೆ.

ಹೊಳೆ ನಿಂತದ್ದು ಏಕೆ?

ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ತುಂಗಾ ಮತ್ತು ಭದ್ರಾ ಸೇರಿ ಒಂದಾಗುತ್ತವೆ. ಅಲ್ಲಿಂದ 531 ಕಿಲೋಮೀಟರ್ ಹರಿದು ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು. 1953ರಲ್ಲಿ ಅಲ್ಲಿ ನೀರು ನಿಲ್ಲತೊಡಗಿದ ಮೇಲೆ ಕೆಳಗಿನ ಹೊಳೆಯ ಬದುಕೇ ಬದಲಾಯಿತು. ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ಕಡೆಗೆ ಹರಿದು ಜೋಳದ ನೆಲವನ್ನು ಭತ್ತದ ನೆಲವನ್ನಾಗಿ ಮಾಡಿತು. ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೆ ಮಿಕ್ಕ ನೀರು ಹೊಳೆಗೆ ಬರುತ್ತದೆ. ಬೇಸಿಗೆಯಲ್ಲಿ ಹೊಳೆಯ ಪಾಲಿಗೆ ಉಳಿಯುವುದು ಸ್ವಲ್ಪವೇ. ಅದನ್ನೂ ದಂಡೆಯುದ್ದಕ್ಕೂ ಕೂತ ಪಂಪ್‌ಸೆಟ್ಟುಗಳು ಹೀರುತ್ತವೆ. ಉಳಿದದ್ದು ಮಡು.

ಈ ಹೊಳೆ ಎಷ್ಟು ಮಣ್ಣು ಹೊರುತ್ತದೆ ಎಂಬುದಕ್ಕೆ ಜಲಾಶಯವೇ ಸಾಕ್ಷಿ. ಕಟ್ಟಿದಾಗ ಅದರ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಅದೀಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ಅಷ್ಟು ದೊಡ್ಡ 27-28 ಪಾತ್ರೆಗಳ ಜಾಗವನ್ನು ಮಣ್ಣು ನುಂಗಿದೆ! ಅಣೆಕಟ್ಟಿನ ಕೆಳಗೆ ಗದ್ದೆಗಳ ಬಸಿ ನೀರು ಹಳ್ಳಗಳ ಮೂಲಕ ಎರೆ ಮಣ್ಣನ್ನು ತಂದು ಮತ್ತೆ ಹೊಳೆಗೆ ಸುರಿಯುತ್ತದೆ.

ಆದರೆ ನಿಂತ ನೀರಿನಲ್ಲಿ ಮಣ್ಣು ತಳಕ್ಕೆ ಇಳಿಯಬೇಕಲ್ಲವೇ? ಮರಳು ಇಳಿಯುತ್ತದೆ, ಕ್ಷಣಗಳಲ್ಲಿ. ಜೇಡಿಯ ಕಣದ ಕಥೆಯೇ ಬೇರೆ. ಅದರ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ, ಅಥವಾ ಇನ್ನೂ ಕಡಿಮೆ. ಅಂಥ ಕಣ ಅಲುಗದ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು ಸುಮಾರು ಮೂರು ದಿನ ಬೇಕು. ಅಷ್ಟರಲ್ಲಿ ಎಮ್ಮೆ ಮತ್ತೆ ನೀರಿಗಿಳಿದಿರುತ್ತದೆ. ಕಣಗಳ ಮೈಮೇಲೆ ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂಡುತ್ತವೆ, ಕೂಡಿ ಗಟ್ಟಿಯಾಗುವುದಿಲ್ಲ. ಮನೆಯಲ್ಲಿ ಕೊಡದ ನೀರಿಗೆ ಪಟಿಕ ಆಡಿಸಿದಾಗ ತಿಳಿಯಾಗುವುದು ಆ ವಿದ್ಯುದಂಶ ಅಳಿದು ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದಲೇ.

ಮೀಸೆಯಿಂದ ನೋಡುವ ಮೀನು

ಗಾಳದ ಸಲಕರಣೆ ಸರಳ. ಬಿದಿರಿನ ಒಂದು ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಚೂರು ಸೀಸ, ಕೊಕ್ಕೆ. ಹಳೆಯ ಡಬ್ಬಿಯಲ್ಲಿ ಒದ್ದೆ ಮಣ್ಣು, ಅದರಲ್ಲಿ ಎರೆಹುಳು. ಇನ್ನೊಂದು ಪೊಟ್ಟಣದಲ್ಲಿ ಶೇಂಗಾ ಹಿಂಡಿ ಸೇರಿಸಿ ಕಲಸಿದ ಹಿಟ್ಟು.

"ತಾತ, ನೀರು ಇಷ್ಟು ರಾಡಿ ಅದ. ಮೀನಿಗೆ ಹುಳ ಹ್ಯಾಂಗ ಕಾಣಸ್ತದ?" ಹುಡುಗನ ಪ್ರಶ್ನೆ.

"ಮೀನೇನು ನಿನ್ನಂಗ ಪುಸ್ತಕ ಓದಬೇಕೇನು ಕಣ್ಣಿಲೆ? ಮೀಸಿಲೆ ನೋಡ್ತದ."

ತಾತನ ಮಾತು ತಮಾಷೆಯಲ್ಲ. ಬಾಳೆ ಮೀನು, ಚೇಳು ಮೀನು ಮೊದಲಾದ ಮೀಸೆ ಮೀನುಗಳ ಬಾಯಿಯ ಸುತ್ತಲಿನ ಮೀಸೆಗಳಲ್ಲಿ ರುಚಿ ಗ್ರಹಿಸುವ ಮೊಗ್ಗುಗಳಿವೆ. ನಮಗೆ ನಾಲಗೆಯಲ್ಲಿ ಇರುವಂಥವೇ. ಹುಳುವಿನ ಮೈಯಿಂದ ನೀರಿಗೆ ಬೆರೆಯುವ ರಸದ ಜಾಡು ಹಿಡಿದು ಅವು ಕತ್ತಲಲ್ಲೂ ಕೆಸರಲ್ಲೂ ಆಹಾರದ ಬಳಿಗೆ ಬರುತ್ತವೆ. ಆದ್ದರಿಂದಲೇ ರಾಡಿ ನೀರಿನಲ್ಲಿ ಹೊಳೆಯುವ ಆಮಿಷಕ್ಕಿಂತ ವಾಸನೆಯ ಆಮಿಷ ಲೇಸು. ಚೇಳು ಮೀನನ್ನು ಕೊಕ್ಕೆಯಿಂದ ಬಿಡಿಸುವಾಗ ಮಾತ್ರ ಎಚ್ಚರ ಬೇಕು. ಅದರ ಈಜುರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ, ಹೆಸರು ಸುಮ್ಮನೆ ಬಂದದ್ದಲ್ಲ.

ಹೊತ್ತು ಕೂಡ ಮುಖ್ಯ. ನಡುಹಗಲಿನಲ್ಲಿ ಗಾಳ ಹಾಕಿದವನಿಗೆ ಸಿಗುವುದು ಬಿಸಿಲು ಮಾತ್ರ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು, 35 ಡಿಗ್ರಿಯಲ್ಲಿ 7 ಮಿಲಿಗ್ರಾಂ ಹಿಡಿದರೆ ಹೆಚ್ಚು. ಬೇಸಿಗೆಯ ಮಡುವಿನಲ್ಲಿ ಮೀನುಗಳು ಹಗಲಿಡೀ ತಳದ ತಂಪಿನಲ್ಲಿ ಅಲುಗದೆ ಇದ್ದು, ಹೊತ್ತು ಇಳಿದ ಮೇಲೆ ಮೇಯಲು ಹೊರಡುತ್ತವೆ. ಹಾವಿನ ತಲೆಯಂಥ ತಲೆಯುಳ್ಳ ಕೊರವ ಮೀನಿಗೆ ಮತ್ತು ಚೇಳು ಮೀನಿಗೆ ಈ ಚಿಂತೆ ಕಡಿಮೆ. ಅವು ನೀರಿನ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಬಲ್ಲವು.

ಗಾಳದ ಈ ಕುಶಲತೆ ಇಲ್ಲಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವನ್ನೇ ಇಟ್ಟಿದ್ದಾನೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ, ಕೋಲು ಮತ್ತು ದಾರ ಹೇಗಿರಬೇಕು ಎಂಬ ವಿವರಗಳು ಅದರಲ್ಲಿವೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲು ಅಚ್ಚಾದ ಪುಸ್ತಕ 1496ರದು. ಮಾನಸೋಲ್ಲಾಸ ಅದಕ್ಕಿಂತ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನದು. ನಮ್ಮ ಮೀನುಗಳನ್ನು ಬಹಳವಾಗಿ ಅಧ್ಯಯನ ಮಾಡಿದ ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಲೇಖನ ಬರೆದು ವಿಜ್ಞಾನ ಲೋಕದ ಗಮನ ಸೆಳೆದರು.

ಇಂದು ಮೀನು ದೊರೆಯ ವಿನೋದವಲ್ಲ, ಬಡವರ ಅನ್ನ. ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ 1970ರ ದಶಕದಿಂದ ನೆಲೆಸಿರುವ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಕುಟುಂಬಗಳಿಗಂತೂ ಮೀನಿಲ್ಲದ ಊಟ ಊಟವೇ ಅಲ್ಲ.

ಸಂಜೆಯ ಅತಿಥಿಗಳು

ಹೊತ್ತು ಮುಳುಗುತ್ತಿದ್ದಂತೆ ಮೀನಿನ ಜೊತೆಗೇ ಇನ್ನೊಂದು ದಂಡು ಮೇಯಲು ಹೊರಡುತ್ತದೆ. ಮೊದಲು ಕಿವಿಯ ಬಳಿ ಸಣ್ಣ ರಾಗ. ಆಮೇಲೆ ಕಾಲು, ಕತ್ತು, ಅಂಗಿಯ ಬೆನ್ನು. ಹುಡುಗ ಚಟಚಟನೆ ಹೊಡೆದುಕೊಳ್ಳತೊಡಗಿದ. ತಾತ ಕುಳ್ಳಿನ ಬೆಂಕಿಗೆ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿದ.

"ಸುಮ್ಮನ ಕುಂದ್ರು ತಮ್ಮಾ. ನೀ ಕುಣದಷ್ಟೂ ಸೊಳ್ಳಿ ಬರ್ತಾವ."

ಇದರಲ್ಲೂ ಹುರುಳಿದೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತದ ಪ್ರೋಟೀನು ಬೇಕು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಬೆವರಿನ ವಾಸನೆ ಅದಕ್ಕೆ ದಾರಿ ತೋರಿಸುತ್ತವೆ. ಕುಣಿದವನ ಉಸಿರೂ ಬೆವರೂ ಹೆಚ್ಚು. ಹೊಗೆ ಸ್ವಲ್ಪ ಹೊತ್ತು ತಡೆದೀತು, ಆದರೆ ಅದನ್ನೇ ನಂಬಿ ಕೂರಬಾರದು. ಮೈ ಮುಚ್ಚುವ ಬಟ್ಟೆ, ರಾತ್ರಿ ಸೊಳ್ಳೆ ಪರದೆ ಇವೇ ಗಟ್ಟಿ ರಕ್ಷಣೆ.

ಸೊಳ್ಳೆಗಳೆಲ್ಲ ಒಂದೇ ಜಾತಿಯಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಹೊಳೆಯ ಪಾತ್ರದ ಮಡು, ಕಾಲುವೆಯ ನಿಂತ ನೀರು, ಬಾವಿಗಳಲ್ಲಿ ಮೊಟ್ಟೆ ಇಡುತ್ತದೆ. ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗಳು ಮಕ್ಕಳ ಮಿದುಳಿಗೆ ತಾಗುವ ಜಪಾನೀಸ್ ಎನ್ಸೆಫಲೈಟಿಸ್ ಹರಡಬಲ್ಲವು. ರಾಯಚೂರು, ಕೊಪ್ಪಳ, ಬಳ್ಳಾರಿಯ ಭತ್ತದ ಸೀಮೆ ಈ ರೋಗದ ಭಯವಿರುವ ಪ್ರದೇಶ. ಇಂಥ ಜಿಲ್ಲೆಗಳಲ್ಲಿ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ ಸರ್ಕಾರಿ ಲಸಿಕೆ ಹಾಕುತ್ತಾರೆ. ತಾಯ್ತಂದೆಯರು ತಪ್ಪಿಸಬಾರದು. ಡೆಂಗಿ, ಚಿಕೂನ್‌ಗುನ್ಯ ತರುವ ಈಡಿಸ್ ಸೊಳ್ಳೆಗೆ ಮಾತ್ರ ಹೊಳೆ ಬೇಕಿಲ್ಲ. ಅದು ಹುಟ್ಟುವುದು ನಮ್ಮ ಮನೆಯ ತೊಟ್ಟಿ, ಡ್ರಮ್ಮು, ಹಳೆಯ ಟೈರುಗಳಲ್ಲಿ. ಅದು ಕಚ್ಚುವುದು ಹಗಲಿನಲ್ಲಿ. ಅದಕ್ಕೆ ಹೊಳೆಯನ್ನು ಬೈದು ಫಲವಿಲ್ಲ.

1897: ಎರಡು ದಡ, ಎರಡು ಸಂಗತಿ

ಮುಕ್ಕುಂದದ ಎದುರು ದಡ ಇಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು. ಹಿಂದೆ ಈ ನೀರೇ ಗಡಿ. ಈಚೆ ದಡ ನಿಜಾಮರ ಹೈದರಾಬಾದ್ ಸಂಸ್ಥಾನ, ಆಚೆ ದಡ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. 1948ರಲ್ಲಿ ಹೈದರಾಬಾದ್ ವಿಮೋಚನೆಯಾಗಿ, 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯವಾದವು.

ಹೀಗೆ ಎರಡು ಆಡಳಿತಗಳಿದ್ದ ಕಾಲದಲ್ಲಿ, 1897ರಲ್ಲಿ, ಎರಡು ಸಂಗತಿಗಳು ನಡೆದವು. ಆ ವರ್ಷದ ಆಗಸ್ಟ್ 20ರಂದು ಹೈದರಾಬಾದ್ ಸಂಸ್ಥಾನದ ಸಿಕಂದರಾಬಾದಿನಲ್ಲಿ ವೈದ್ಯ ರೊನಾಲ್ಡ್ ರಾಸ್, ಮಲೇರಿಯಾ ರೋಗಿಯ ರಕ್ತ ಹೀರಿದ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಆ ರೋಗದ ಪರಾವಲಂಬಿ ಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದೇ 1897ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಮೀನುಗಾರಿಕೆ ಕಾಯಿದೆ ಜಾರಿಯಾಯಿತು. ಸಿಡಿಮದ್ದು ಸಿಡಿಸಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದು ಅಪರಾಧವೆಂದು ಅದು ಸಾರಿತು.

ಈ ಎರಡಕ್ಕೂ ಏನು ಸಂಬಂಧ? ಮುಕ್ಕುಂದದ ಮಡುಗಳ ಬಳಿ ನಿಂತರೆ ತಿಳಿಯುತ್ತದೆ.

ಎರಡು ಮಡುಗಳ ಕಥೆ

ತಾತ ಕುಳಿತಿದ್ದ ಮಡುವಿನಿಂದ ಕೂಗಳತೆಯಲ್ಲಿ ಇನ್ನೊಂದು ಮಡು. ಅದರ ಬಳಿ ಯಾರೂ ಗಾಳ ಹಾಕಿರಲಿಲ್ಲ. ಹುಡುಗ ಕಾರಣ ಕೇಳಿದ. ಮೂರು ವಾರದ ಹಿಂದೆ ಯಾರೋ ರಾತ್ರಿ ಬಂದು ಅದಕ್ಕೆ ಹೊಲಕ್ಕೆ ಹೊಡೆಯುವ ಎಣ್ಣೆ ಸುರಿದು ಹೋಗಿದ್ದರಂತೆ. ಬೆಳಿಗ್ಗೆ ನೋಡಿದರೆ ದೊಡ್ಡ ಮೀನು ಚೀಲ ಸೇರಿದ್ದವು. ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ದಂಡೆ ತುಂಬಿದ್ದವು.

"ಗಾಳ ಹಾಕದ್ರ ಒಂದು ಮೀನ ಹೋಗ್ತದ. ಎಣ್ಣಿ ಹಾಕದ್ರ ಹೊಳಿನೇ ಹೋಗ್ತದ," ಎಂದ ತಾತ.

ಹುಡುಗ ಮನೆಯಿಂದ ತಂದಿದ್ದ ಗಾಜಿನ ಲೋಟ ಹಿಡಿದು ಆ ಮಡುವಿನ ಅಂಚಿನ ನೀರನ್ನು ಮೊಗೆದ. ಲೋಟದ ತುಂಬ ಕೊಂಕು ಕೊಂಕಾಗಿ ಕುಣಿಯುವ ಸೊಳ್ಳೆಯ ಲಾರ್ವಗಳು! ಕೆಲವು ಬಾಲದ ನಳಿಕೆಯನ್ನು ನೀರಿನ ಮೇಲ್ಮೈಗೆ ಚುಚ್ಚಿ ತಲೆಕೆಳಗಾಗಿ ತೂಗುತ್ತಿದ್ದವು. ಅವು ಕ್ಯೂಲೆಕ್ಸ್. ಕೆಲವು ಕಡ್ಡಿಯಂತೆ ಮೇಲ್ಮೈಗೆ ಸಮನಾಗಿ ಮಲಗಿದ್ದವು. ಅವು ಅನಾಫಿಲಿಸ್. ಏಳನೆಯ ತರಗತಿಯ ಹುಡುಗನೂ ಬರಿಗಣ್ಣಿನಿಂದ ಗುರುತಿಸಬಹುದಾದ ವ್ಯತ್ಯಾಸವಿದು. ಆಮೇಲೆ ತಾತನ ಮಡುವಿನಿಂದ ಅದೇ ರೀತಿ ಮೊಗೆದಾಗ ಲೋಟದಲ್ಲಿ ಕಂಡದ್ದು ರಾಡಿ ನೀರು ಮತ್ತು ಒಂದೆರಡು ಲಾರ್ವ.

ವಿಷ ಸೊಳ್ಳೆಯ ಲಾರ್ವಗಳನ್ನೂ ಕೊಲ್ಲಬೇಕಿತ್ತಲ್ಲ? ಕೊಲ್ಲುತ್ತದೆ. ಆದರೆ ಸೊಳ್ಳೆಗೆ ರೆಕ್ಕೆಯಿದೆ. ವಿಷದ ಕಾವು ಇಳಿದ ಮೇಲೆ ಬೇರೆಡೆಯಿಂದ ಹಾರಿ ಬಂದು ಮೊಟ್ಟೆ ಇಡುತ್ತದೆ. ಬೇಸಿಗೆಯ ಬಿಸಿಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮೀನಿಗೆ ರೆಕ್ಕೆಯಿಲ್ಲ. ಮಡುವಿನಿಂದ ಮಡುವಿಗೆ ದಾರಿಯೂ ಇಲ್ಲ. ಮಳೆಗಾಲದ ಹೊಸ ನೀರು ಬರುವ ತನಕ ಆ ಮಡುವಿನಲ್ಲಿ ಸೊಳ್ಳೆಯನ್ನು ತಿನ್ನುವವರು ಯಾರೂ ಇಲ್ಲ.

ತಿನ್ನುವವರು ಯಾರು? ಯಾರೂ ಬೆಲೆ ಕೊಡದ ಪುಟ್ಟ ಮೀನುಗಳು. ತಲೆಯ ಮೇಲೆ ಬೆಳ್ಳಿಯ ಚುಕ್ಕೆಯಿಟ್ಟುಕೊಂಡು ನೀರಿನ ಮೇಲ್ಪದರದಲ್ಲೇ ಈಜುವ ಬೆರಳುದ್ದದ ಮೀನು, ದೊಡ್ಡ ಜಾತಿಗಳ ಮರಿಗಳು, ಬೆಳ್ಳಿ ಬಣ್ಣದ ಸಣ್ಣ ಪರಕೆ ಮೀನುಗಳು. ಈ ತತ್ತ್ವವನ್ನೇ ಕರ್ನಾಟಕದಲ್ಲಿ ಆರೋಗ್ಯ ಕಾರ್ಯಕ್ಕೂ ಬಳಸಿದ್ದಾರೆ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಮಲೇರಿಯಾ ಸೊಳ್ಳೆಯನ್ನು ಹತೋಟಿಗೆ ತಂದದ್ದು ವಿಜ್ಞಾನಿಗಳು ದಾಖಲಿಸಿದ ಸಂಗತಿ. ಆದರೆ ಗಪ್ಪಿ, ಗ್ಯಾಂಬೂಸಿಯಾ ಹೊರದೇಶದ ಮೀನುಗಳು. ಬಾವಿ, ತೊಟ್ಟಿಗಳಿಗೆ ಅವು ಸರಿ. ಹೊಳೆಗೆ ಬಿಟ್ಟರೆ, ಅದರಲ್ಲೂ ಗ್ಯಾಂಬೂಸಿಯಾ, ನಮ್ಮ ಮೀನುಗಳ ಮೊಟ್ಟೆ ಮರಿಗಳನ್ನೇ ತಿನ್ನುತ್ತದೆ. ಹೊಳೆಗೆ ಹೊಸ ಕಾವಲುಗಾರ ಬೇಕಿಲ್ಲ. ಇರುವವರನ್ನು ಕೊಲ್ಲದಿದ್ದರೆ ಸಾಕು.

ಬರಿಯ ಔಷಧದ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ದೇಶ ಒಮ್ಮೆ ನೋಡಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಮನೆಗೆ ಡಿಡಿಟಿ ಸಿಂಪಡಿಸಿದರು. 1965ರ ಹೊತ್ತಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಪ್ರಕರಣಗಳಿಗೆ ಇಳಿದಿದ್ದ ಮಲೇರಿಯಾ, 1976ರಲ್ಲಿ 64 ಲಕ್ಷಕ್ಕೆ ಏರಿತು. ಡಿಡಿಟಿಯನ್ನು ಸಹಿಸಿಕೊಳ್ಳುವ ಸೊಳ್ಳೆಗಳು ಬೆಳೆದದ್ದು ಅದರ ಕಾರಣಗಳಲ್ಲೊಂದು. ಔಷಧವನ್ನು ಸಹಿಸಲು ಸೊಳ್ಳೆ ಕಲಿಯುತ್ತದೆ. ಮೀನಿನ ಬಾಯಿಯನ್ನು ಸಹಿಸಲು ಕಲಿಯಲಾರದು.

ಬೇಸಿಗೆಯ ಮಡು ಇನ್ನೊಂದು ಕಾರಣಕ್ಕೂ ಅಮೂಲ್ಯ. ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡುವುದು ಮಳೆಗಾಲದ ಹೊಸ ನೀರಿನಲ್ಲಿ. ಒಂದು ಕಿಲೋ ತೂಕದ ತಾಯಿ ರೋಹು ಸುಮಾರು ಎರಡು ಲಕ್ಷ ಮೊಟ್ಟೆ ಇಡಬಲ್ಲದು. ಆ ತಾಯಂದಿರು ಜೂನ್ ತನಕ ಜೀವ ಹಿಡಿದುಕೊಂಡಿರುವುದು ಇದೇ ಮಡುಗಳಲ್ಲಿ. ಮೇ ತಿಂಗಳ ಒಂದು ರಾತ್ರಿಯ ದುರಾಸೆ ಮುಂದಿನ ವರ್ಷದ ಬಲೆಯನ್ನೇ ಬರಿದು ಮಾಡುತ್ತದೆ. ಅದೇ ನೀರನ್ನು ದನಗಳು ಕುಡಿಯುತ್ತವೆ, ಆ ಮೀನನ್ನು ಯಾರದೋ ಮನೆಯ ಮಕ್ಕಳು ಉಣ್ಣುತ್ತಾರೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯಿದೆಯೂ ವಿಷ, ಸಿಡಿಮದ್ದುಗಳನ್ನು ನಿಷೇಧಿಸಿದೆ.

ಕಾಯಿದೆಗಿಂತ ಹಳೆಯ ಮಾತೂ ಇದೆ. ಸಿಂಧನೂರಿನ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಬಂಡೆ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇದ್ದುದು ಶಾಲಾ ಮಕ್ಕಳಿಗೆಲ್ಲ ಗೊತ್ತು. ಅದೇ ಅಶೋಕ ಉತ್ತರದಲ್ಲಿ ನಿಲ್ಲಿಸಿದ ಕಂಬಗಳ ಐದನೆಯ ಶಾಸನದಲ್ಲಿ, ಕೆಲವು ಹುಣ್ಣಿಮೆಗಳ ಆಸುಪಾಸಿನಲ್ಲೂ ಉಪೋಸಥದ ದಿನಗಳಲ್ಲೂ ಮೀನು ಕೊಲ್ಲಬಾರದು, ಮಾರಬಾರದು ಎಂದು ಆಜ್ಞೆ ಮಾಡಿದ್ದ. ನೀರಿಗೂ ಬಿಡುವು ಬೇಕೆಂಬ ಅರಿವು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು.

ಬೆಂಡು ಮುಳುಗಿದಾಗ

ಕತ್ತಲು ಕವಿಯುವ ಹೊತ್ತಿಗೆ ಹುಡುಗನ ಬೆಂಡು ಒಮ್ಮೆ ಅಲುಗಿ ಬುಳಕ್ಕನೆ ಮುಳುಗಿತು. ತಾತ ಕೈ ಹಾಕಲಿಲ್ಲ. "ಎಳಿಬ್ಯಾಡ, ನಿಲ್ಲು... ಈಗ!" ಎಂದಷ್ಟೇ. ಬಂದದ್ದು ಮೊಳದುದ್ದದ ಬಾಳೆ ಮೀನು. ಅದಕ್ಕೂ ಮೊದಲು ಸಿಕ್ಕಿದ್ದ ಮೂರು ಸಣ್ಣ ಮೀನುಗಳನ್ನು ತಾತ ಕೊಕ್ಕೆ ಬಿಡಿಸಿ ನೀರಿಗೇ ಬಿಟ್ಟಿದ್ದ. ಆಗ ಮುಖ ಊದಿಸಿಕೊಂಡಿದ್ದ ಹುಡುಗ ಈಗ ಏನೂ ಹೇಳಲಿಲ್ಲ. ಹೊರಡುವ ಮುಂಚೆ ಲಾರ್ವಗಳಿದ್ದ ಲೋಟವನ್ನು ಎತ್ತಿ ತಾತನ ಮಡುವಿಗೆ ಸುರಿದ. ಕ್ಷಣ ಹೊತ್ತು ನೀರು ಸುಮ್ಮನಿತ್ತು. ಆಮೇಲೆ ಒಂದು ಉಂಗುರ ಎದ್ದಿತು, ಪಕ್ಕದಲ್ಲೇ ಇನ್ನೊಂದು, ಮತ್ತೆ ನಾಲ್ಕಾರು.

"ಉಂಡವು," ಎಂದ ಹುಡುಗ.

ಹೋಗುವವರಿಗೆ

ಮುಕ್ಕುಂದ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿದೆ. ಸಿಂಧನೂರಿಗೆ ರಾಯಚೂರು, ಗಂಗಾವತಿ, ಬಳ್ಳಾರಿಗಳಿಂದ ಬಸ್ಸುಗಳಿವೆ. 2024ರಿಂದ ಹುಬ್ಬಳ್ಳಿ ಕಡೆಯಿಂದ ರೈಲೂ ಬರುತ್ತಿದೆ. ಮಕ್ಕಳನ್ನು ಕರೆದೊಯ್ಯುವವರು ದೊಡ್ಡವರೊಬ್ಬರು ಜೊತೆಗಿಲ್ಲದೆ ನೀರಿಗೆ ಇಳಿಯಗೊಡಬಾರದು. ಮರಳು ತೆಗೆದ ಗುಂಡಿಗಳು ರಾಡಿ ನೀರಿನಲ್ಲಿ ಕಾಣುವುದಿಲ್ಲ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಪಂಪ್‌ಸೆಟ್ಟಿನ ತಂತಿಗಳಿಂದ ದೂರವಿರಬೇಕು. ಮಳೆಗಾಲದಲ್ಲಂತೂ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆಯನ್ನು ಕಡೆಗಣಿಸಲೇಬಾರದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ದಂಡೆಯ ಹಳ್ಳಿಗಳೆಲ್ಲ ಎಚ್ಚರವಾಗಿರಬೇಕಾಯಿತು. ಹೊಳೆಯಿಂದ ಬಂದ ಮೇಲೆ ಮಕ್ಕಳಿಗೆ ಚಳಿಜ್ವರ ಕಾಣಿಸಿದರೆ ಅಂಗಡಿಯ ಮಾತ್ರೆ ನುಂಗಿಸಿ ಸುಮ್ಮನಿರದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಚೀಲದಲ್ಲಿ ಉದ್ದ ತೋಳಿನ ಅಂಗಿ, ಕುಡಿಯುವ ನೀರು ಇರಲಿ. ಒಂದು ಗಾಜಿನ ಲೋಟವೂ ಇರಲಿ.